ಸೋತ ತಂಡದ ಹಳದಿ ಪ್ರತಿಯನ್ನೂ ಕಾಪಿಡಿ
ಚಾಮರಾಜನಗರ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕಾಗಿ ಹಕ್ಕೊತ್ತಾಯ ಪತ್ರ

ಸಲ್ಲಿಕೆ: ಮಾನ್ಯ ಕುಲಪತಿಗಳು, ಚಾಮರಾಜನಗರ ವಿಶ್ವವಿದ್ಯಾಲಯ
ಪ್ರತಿ: ಕುಲಸಚಿವರು, ಜಿಲ್ಲಾಧಿಕಾರಿಗಳು, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ
ಸಲ್ಲಿಸುವವರು: ಬದನಗುಪ್ಪೆ ಹಾಗೂ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ವಿದ್ಯಾರ್ಥಿನಿಯರು, ಹಿಂದೆ ಆಡಿದ ಅಕ್ಕಂದಿರು, ಪೋಷಕರು



ನಮ್ಮ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1997ರಲ್ಲಿ. ನಮ್ಮದೇ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಅಲ್ಲಿಯವರೆಗೆ ಇಲ್ಲಿಯ ಪದವಿ ಕಾಲೇಜುಗಳು 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಚೆನ್ನಾಗಿ ಆಡುವ ಹುಡುಗಿ ಆಯ್ಕೆಗೆಂದು ಮೈಸೂರಿಗೆ ಹೋಗಬೇಕಿತ್ತು. ಆಯ್ಕೆಯಾದರೆ ಮೈಸೂರಿನ ಜರ್ಸಿ ತೊಟ್ಟು ದಕ್ಷಿಣ ವಲಯದ ಪಂದ್ಯಾವಳಿಗೆ ಹೊರಡಬೇಕಿತ್ತು. ಆ ಜರ್ಸಿಯ ಬಗ್ಗೆ ನಮಗೆ ಹೆಮ್ಮೆಯೇ ಇದೆ. ಆದರೆ ಹೊಸ ವಿಶ್ವವಿದ್ಯಾಲಯದ ತಂಡದ ಚರಿತ್ರೆ 2023ರಿಂದ ಶುರುವಾಗುತ್ತದೆಂದು ಬರೆದುಕೊಂಡರೆ ಆ ಅಕ್ಕಂದಿರು ಯಾವ ಪುಸ್ತಕಕ್ಕೂ ಸೇರದೆ ಉಳಿಯುತ್ತಾರೆ. ಮೈಸೂರಿನ ಪುಸ್ತಕದಲ್ಲಿ ಅವರು ದೂರದ ತಾಲ್ಲೂಕಿನವರು, ನಮ್ಮ ಪುಸ್ತಕದಲ್ಲಿ ಹಳೆಯ ಕಾಲದವರು.

2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯ ಮುಂದೆ ರಾಜ್ಯದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ, ಹಳೆಯವುಗಳಲ್ಲಿ ಸೇರಿಸುವ ಮಾತು ಬಂತು. ಆ ಪಟ್ಟಿಯಲ್ಲಿ ನಮ್ಮದೂ ಇತ್ತು. ಕಟ್ಟಡದ ಬಗ್ಗೆ, ಬೋಧಕರ ಬಗ್ಗೆ, ಅನುದಾನದ ಬಗ್ಗೆ ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು. ಹೆಣ್ಣುಮಕ್ಕಳ ತಂಡಗಳು ಏನಾಗುತ್ತವೆ ಎಂಬ ಪ್ರಶ್ನೆ ನಮ್ಮ ಕಿವಿಗೆ ಬೀಳಲಿಲ್ಲ. ದಾಖಲೆಯಿಲ್ಲದ ತಂಡವನ್ನು ಕೈಬಿಡುವುದು ಬಹಳ ಸುಲಭ. ಏನು ನಿಂತುಹೋಯಿತು ಎಂದು ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಆದ್ದರಿಂದ ನಾವು ಆಟದ ಕೋರ್ಟ್ ಕೇಳುವ ಮುಂಚೆ ಚರಿತ್ರೆ ಕೇಳುತ್ತಿದ್ದೇವೆ.

1. ತಂಡದ ಚರಿತ್ರೆಯನ್ನು 2023ಕ್ಕಿಂತ ಹಿಂದಿನಿಂದ ಬರೆಸಬೇಕು.

ಈಗಿನ ಚಾಮರಾಜನಗರ ಜಿಲ್ಲೆಯ ಕಾಲೇಜುಗಳಿಂದ ಮೈಸೂರು ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾದವರ, ಶಿಬಿರದವರೆಗೆ ಹೋಗಿ ಬಂದವರ ಪಟ್ಟಿಗಳ ದೃಢೀಕೃತ ಪ್ರತಿಯನ್ನು ಅಲ್ಲಿಂದ ತರಿಸಬೇಕು. ಯೂನಿವರ್ಸಿಟಿ ಬ್ಲೂ ಗೌರವ ಪಡೆದವರ ಹೆಸರು ಅಲ್ಲಿ ಸಿಕ್ಕೀತು. ಅಂತರ ಕಾಲೇಜು ಪಂದ್ಯದಲ್ಲಿ ಎರಡನೇ ಸುತ್ತಿಗೇ ಸೋತು ಬಂದವರ ಹೆಸರು ಕಾಲೇಜಿನ ಬೀರುವಿನಲ್ಲಿ ಮಾತ್ರ ಇರುತ್ತದೆ. ಬೀರುಗಳ ಪಾಡು ನಮಗೆ ಗೊತ್ತು. ನಮ್ಮಲ್ಲೊಬ್ಬರು ಓದಿದ ಕಾಲೇಜಿನಲ್ಲಿ ಗೋಡೆಗೆ ಬಣ್ಣ ಹೊಡೆಸಲು ಹಳೆಯ ತಂಡಗಳ ಫೋಟೋಗಳನ್ನು ಇಳಿಸಿದರು. ಬಣ್ಣ ಒಣಗಿತು, ಹುಡುಗರ ತಂಡದ ಫೋಟೋಗಳು ವಾಪಸು ಗೋಡೆ ಏರಿದವು, ಹುಡುಗಿಯರದ್ದು ಏರಲಿಲ್ಲ.

ಇನ್ನೊಂದು ತೊಡಕೂ ಇದೆ. ಮದುವೆಯಾದ ಮೇಲೆ ಹೆಣ್ಣಿನ ಇನಿಷಿಯಲ್ ಬದಲಾಗುತ್ತದೆ, ಊರು ಬದಲಾಗುತ್ತದೆ. ಹಳೆಯ ಪಟ್ಟಿ ಹಿಡಿದು ಹುಡುಕಿದರೆ ಆ ಹೆಸರಿನವರು ಸಿಗುವುದಿಲ್ಲ. ತವರಿನ ಹೆಸರು, ಈಗಿನ ಹೆಸರು, ಜರ್ಸಿ ಸಂಖ್ಯೆ, ಆಡಿದ ಸ್ಥಾನ, ಕಾಲೇಜು, ವರ್ಷ ಇಷ್ಟೂ ಒಂದೇ ಸಾಲಿನಲ್ಲಿ ಬರುವಂತೆ ರಿಜಿಸ್ಟರ್ ಮಾಡಬೇಕು. ಇತಿಹಾಸ ಮತ್ತು ಪತ್ರಿಕೋದ್ಯಮ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಅವರ ಮಾತನ್ನು ಧ್ವನಿಮುದ್ರಣ ಮಾಡಿಕೊಳ್ಳಲಿ. ಅದನ್ನು ಪ್ರಾಜೆಕ್ಟ್ ಎಂದು ಪರಿಗಣಿಸಿ ಅಂಕ ಕೊಡಲಿ.

ಇದು ಅತಿಯಾಸೆಯಲ್ಲ. ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್ಸನ್ ಎಂಬ ದೈಹಿಕ ಶಿಕ್ಷಣದ ಮೇಡಂ 1893ರ ಮಾರ್ಚ್‌ನಲ್ಲಿ ಹುಡುಗಿಯರ ಮೊದಲ ಕಾಲೇಜು ಪಂದ್ಯ ಆಡಿಸಿದರು. ಜೇಮ್ಸ್ ನೈಸ್ಮಿತ್ ಈ ಆಟ ಕಂಡುಹಿಡಿದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಯಾವ್ಯಾವ ತರಗತಿಗಳ ನಡುವೆ ಪಂದ್ಯ ನಡೆಯಿತು, ಮೊದಲ ಚೆಂಡು ಮೇಲೆ ಹಾರಿದಾಗಲೇ ಒಬ್ಬಳ ಭುಜ ಕಳಚಿತು ಎಂಬುದೆಲ್ಲ ಇವತ್ತಿಗೂ ನಮಗೆ ಗೊತ್ತಿದೆ. ಆ ಮೇಡಂ ಬರೆದಿಟ್ಟರು, ಆ ಕಾಲೇಜು ಎತ್ತಿಟ್ಟಿತು. ನೂರಮೂವತ್ತು ವರ್ಷದ ಹಿಂದಿನ ಅವರ ಭುಜದ ನೋವು ದಾಖಲಾಗಿರುವಾಗ ಮೊನ್ನೆಯ ನಮ್ಮ ಅಕ್ಕಂದಿರ ಹೆಸರಾದರೂ ಉಳಿಯಲಿ.

2. ಪ್ರತಿ ಪಂದ್ಯದ ಸ್ಕೋರ್‌ಷೀಟನ್ನೂ ಕಾಪಿಡಬೇಕು, ಸೋತದ್ದನ್ನು ಮೊದಲು.

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸ್ಕೋರ್‌ಷೀಟಿಗೆ ಒಂದು ಮೂಲ, ಮೂರು ನಕಲು. ಬಿಳಿಯದು ಒಕ್ಕೂಟಕ್ಕೆ, ನೀಲಿ ಪಂದ್ಯಾವಳಿ ನಡೆಸುವವರಿಗೆ, ಗುಲಾಬಿ ಗೆದ್ದವರಿಗೆ, ಹಳದಿ ಸೋತವರಿಗೆ. ಹೊಸ ತಂಡಕ್ಕೆ ಮೊದಲ ವರ್ಷಗಳಲ್ಲಿ ಬರುವುದು ಬಹುಪಾಲು ಹಳದಿಯೇ. ಅದನ್ನು ಮಡಚಿ ಬಸ್ಸಿನ ಸೀಟಿನಲ್ಲಿ ಬಿಟ್ಟು ಬರುವುದು ನಿಲ್ಲಬೇಕು. ಯಾರು ಎಷ್ಟು ಅಂಕ ಗಳಿಸಿದರು, ಯಾರು ಐದು ಫೌಲ್ ಆಗಿ ಹೊರಗೆ ಕುಳಿತರು, ಯಾವ ಕ್ವಾರ್ಟರ್‌ನಲ್ಲಿ ಪಂದ್ಯ ಕೈಜಾರಿತು ಎಲ್ಲವೂ ಆ ಹಾಳೆಯಲ್ಲಿದೆ. ಮುಂದಿನ ವರ್ಷದ ಕೋಚ್‌ಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಪ್ಯಾಟ್ ಸಮ್ಮಿಟ್ 1974ರಲ್ಲಿ, 22ನೇ ವಯಸ್ಸಿನಲ್ಲಿ, ಮಹಿಳಾ ತಂಡದ ಕೋಚ್ ಆದರು. ತಂಡದ ವ್ಯಾನ್ ಅವರೇ ಓಡಿಸುತ್ತಿದ್ದರು, ಜರ್ಸಿಗಳನ್ನು ಅವರೇ ಒಗೆಯುತ್ತಿದ್ದರು. ಅವರ ಮೊದಲ ಪಂದ್ಯ ಮರ್ಸರ್ ತಂಡದ ಎದುರು 84–83ರ ಸೋಲು. 2012ರಲ್ಲಿ ನಿವೃತ್ತರಾದಾಗ 1,098 ಗೆಲುವು, ಎಂಟು ರಾಷ್ಟ್ರೀಯ ಪ್ರಶಸ್ತಿ. ಆ ಒಂದು ಅಂಕದ ಸೋಲನ್ನು ಅವರ ವಿಶ್ವವಿದ್ಯಾಲಯ ಮರೆಮಾಚಲಿಲ್ಲ. ಲೆಕ್ಕವನ್ನು ಅಲ್ಲಿಂದಲೇ ಶುರುಮಾಡಿತು.

3. ವಿಲೀನವಾದರೂ ತಂಡ ಮತ್ತು ದಾಖಲೆ ಉಳಿಯಬೇಕು.

ವಿಶ್ವವಿದ್ಯಾಲಯ ಉಳಿಸುವುದು ಬಿಡುವುದು ಸರ್ಕಾರದ ತೀರ್ಮಾನ. ಉಳಿಯಲೇಬೇಕೆಂಬುದು ನಮ್ಮ ನಿಲುವು. ಆದರೆ ಯಾವ ಆದೇಶ ಬಂದರೂ ಅದರಲ್ಲಿ ಹೀಗೊಂದು ಸಾಲು ಇರಬೇಕು: ಈ ಜಿಲ್ಲೆಯ ಆಟಗಾರ್ತಿಯರ ಪ್ರಮಾಣಪತ್ರ, ಪಂದ್ಯಗಳ ದಾಖಲೆ, ಪದಕಗಳು ಜಿಲ್ಲೆಯೊಳಗೇ ಇರತಕ್ಕದ್ದು, ಆ ಶೈಕ್ಷಣಿಕ ಸಾಲಿನ ತಂಡ ಆ ಸಾಲಿನ ಪಂದ್ಯಾವಳಿ ಮುಗಿಸತಕ್ಕದ್ದು.

4. ಕೋರ್ಟ್.

28 ಮೀಟರ್ ಉದ್ದ, 15 ಮೀಟರ್ ಅಗಲ, ಸುತ್ತಲೂ ಎರಡು ಮೀಟರ್ ಖಾಲಿ ಜಾಗ, 3.05 ಮೀಟರ್ ಎತ್ತರದಲ್ಲಿ ರಿಂಗ್. ಒರಟು ಸಿಮೆಂಟ್ ನೆಲ ಹಾಕಿ ಕೈತೊಳೆದುಕೊಳ್ಳಬೇಡಿ. ಮಂಡಿ, ಹಿಮ್ಮಡಿ ನಮ್ಮವು. ಚೆಂಡು ಹೆಣ್ಣುಮಕ್ಕಳ ಅಳತೆಯ 6ನೇ ಸಂಖ್ಯೆಯದೇ ಬೇಕು. ಹುಡುಗರು ಆಡಿ ಸವೆಸಿದ 7ನೇ ಸಂಖ್ಯೆಯ ಚೆಂಡಿನಲ್ಲಿ ವರ್ಷವಿಡೀ ಅಭ್ಯಾಸ ಮಾಡಿದ ಕೈಗೆ ಪಂದ್ಯದ ದಿನ ಸರಿಯಾದ ಚೆಂಡು ಸಿಕ್ಕರೂ ಗುರಿ ತಪ್ಪುತ್ತದೆ. ದೀಪ, ಬಟ್ಟೆ ಬದಲಿಸುವ ಕೋಣೆ, ನೀರಿರುವ ಶೌಚಾಲಯ ಈ ಬೇಡಿಕೆಯ ಭಾಗ, ಪ್ರತ್ಯೇಕ ಕರುಣೆಯಲ್ಲ.

5. ಅಭ್ಯಾಸದ ಹೊತ್ತನ್ನು ಕೊನೆಯ ಬಸ್ಸಿನ ಹೊತ್ತಿನೊಂದಿಗೆ ಕೂಡಿಸಬೇಕು.

2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ದುಡ್ಡಿನ ನೆಪ ಮುಗಿದಿದೆ. ಉಳಿದಿರುವುದು ಹೊತ್ತು. ಸಂಜೆ ಅಭ್ಯಾಸ ಮುಗಿಸಿದ ಹುಡುಗಿ ಗುಂಡ್ಲುಪೇಟೆ ಕಡೆಯ ಹಳ್ಳಿಗೆ, ಅಥವಾ ಮೈಸೂರು ರೈಲು ದಾರಿಯ ನಮ್ಮ ಬದನಗುಪ್ಪೆ ನಿಲ್ದಾಣಕ್ಕೆ, ಕತ್ತಲಾಗುವ ಮುಂಚೆ ತಲುಪಬೇಕು. ತಡವಾದ ಒಂದೇ ಒಂದು ಸಂಜೆ ಸಾಕು, ಮನೆಯಲ್ಲಿ ಆಟ ನಿಲ್ಲಿಸುತ್ತಾರೆ. ಕ್ರೀಡಾ ವಿಭಾಗವು ಸಾರಿಗೆ ನಿಗಮದೊಂದಿಗೆ ಕೂತು ವೇಳಾಪಟ್ಟಿ ಮಾಡಲಿ. ಚೆಂಡುಹೂವಿನ ಕೊಯ್ಲು, ಅರಿಸಿನದ ಕೆಲಸ ಜೋರಾಗಿರುವ ವಾರಗಳಲ್ಲಿ ಅಭ್ಯಾಸ ಬೆಳಗಿನ ಹೊತ್ತಿಗೆ ಸರಿಯಲಿ. ಅಂಥ ದಿನ ಬಾರದ ಹುಡುಗಿಗೆ ಆಸಕ್ತಿಯಿಲ್ಲವೆಂದು ಷರಾ ಬರೆಯಬೇಡಿ, ಅವಳು ಅಮ್ಮನ ಜೊತೆ ಹೊಲದಲ್ಲಿರುತ್ತಾಳೆ.

6. ಮದುವೆಯಾದ ವಿದ್ಯಾರ್ಥಿನಿಯನ್ನು ತಂಡದಿಂದ ಬಿಡಬಾರದು.

ಪದವಿ ಮುಗಿಯುವುದರೊಳಗೆ ಗಂಡು ಗೊತ್ತುಮಾಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಮದುವೆಯಾದವಳು ಇನ್ನು ಬರುವುದಿಲ್ಲ ಎಂದು ತಾವೇ ತೀರ್ಮಾನಿಸಿ ಆಯ್ಕೆಯ ದಿನ ತಿಳಿಸದೇ ಇರುವುದು ಅನ್ಯಾಯ. ಹಾಜರಾತಿ ಪಟ್ಟಿಯಲ್ಲಿರುವ ಪ್ರತಿ ವಿದ್ಯಾರ್ಥಿನಿಗೂ ಆಯ್ಕೆಯ ಸೂಚನೆ ಹೋಗಬೇಕು. ಪಂದ್ಯಕ್ಕೆ ಹೋದ ದಿನಗಳಿಗೆ ಹಾಜರಾತಿ, ತಪ್ಪಿದ ಆಂತರಿಕ ಪರೀಕ್ಷೆಗೆ ಮರುಅವಕಾಶ ಲಿಖಿತವಾಗಿ ಸಿಗಬೇಕು.

7. ಮಹಿಳಾ ಕೋಚ್, ಮತ್ತು ದೊಡ್ಡ ಆಟ ನೋಡುವ ಅವಕಾಶ.

2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್ ಬಿ ವಿಭಾಗ ಗೆದ್ದರು. ಮುಂದೆ ಪದ್ಮಶ್ರೀ ಪಡೆದ ತಮಿಳುನಾಡಿನ ಅನಿತಾ ಪೌಲ್‌ದೊರೈ ಆ ತಂಡದಲ್ಲಿದ್ದರು. ನಮ್ಮ ಕರ್ನಾಟಕದ ಪಿ.ಯು. ನವನೀತಾ ಕೂಡ ಇದ್ದರು. 2019ರ ಏಷ್ಯಾ ಕಪ್ ಅದೇ ಅಂಗಳದಲ್ಲಿ ನಡೆಯಿತು. 2022ರಲ್ಲಿ ನಡೆದ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಬೆಂಗಳೂರಿನದೇ. ಇನ್ನು ಮುಂದೆ ಇಂಥ ಪಂದ್ಯಗಳಿಗೆ ವಿಶ್ವವಿದ್ಯಾಲಯವೇ ಬಸ್ಸು ಮಾಡಿ ಹುಡುಗಿಯರನ್ನು ಕರೆದೊಯ್ಯಬೇಕು. ಉನ್ನತ ಮಟ್ಟದ ಆಟವನ್ನು ಒಮ್ಮೆಯಾದರೂ ಕಣ್ಣೆದುರು ನೋಡಿದವಳ ಪಾಸಿಂಗ್ ಬೇರೆಯೇ ಆಗುತ್ತದೆ. ಕೋಚ್ ಹೆಂಗಸೇ ಇರಲಿ. ತಕ್ಷಣ ಸಿಗದಿದ್ದರೆ ಹಿಂದೆ ಆಡಿದ ಅಕ್ಕಂದಿರನ್ನು ಗೌರವಧನ ಕೊಟ್ಟು ನೇಮಿಸಿಕೊಳ್ಳಿ.

8. ನಮ್ಮೂರ ಕೈಗಾರಿಕೆಗಳ ಪಾಲು.

ಕೆಲ್ಲಂಬಳ್ಳಿ–ಬದನಗುಪ್ಪೆ ಕೈಗಾರಿಕಾ ಪ್ರದೇಶಕ್ಕೆ ಹೋದದ್ದು ನಮ್ಮ ಹಿರಿಯರ ಹೊಲ. 2013ರ ಕಂಪನಿ ಕಾಯಿದೆಯ 135ನೇ ಕಲಂ, ನಿಗದಿತ ಗಾತ್ರ ಮೀರಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆನ್ನುತ್ತದೆ. ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಇದೆ. ಬ್ಯಾಸ್ಕೆಟ್‌ಬಾಲ್ 1976ರಿಂದ ಮಹಿಳೆಯರ ಒಲಿಂಪಿಕ್ ಕ್ರೀಡೆ. ಜಿಲ್ಲಾಧಿಕಾರಿಗಳು ಕಂಪನಿಗಳನ್ನು ಒಂದೆಡೆ ಕರೆದು ಮಾತಾಡಲಿ.

9. ಆಯ್ಕೆ ನಮ್ಮ ಕಡೆಗೆ ಬರಲಿ, ಪಂದ್ಯ ಗಡಿ ದಾಟಲಿ.

ಆಯ್ಕೆ ಶಿಬಿರ ಒಂದು ವರ್ಷ ಗುಂಡ್ಲುಪೇಟೆ, ಒಂದು ವರ್ಷ ಕೊಳ್ಳೇಗಾಲ ಎಂದು ಸರದಿಯಲ್ಲಿ ನಡೆಯಬೇಕು. ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಹೆಣ್ಣುಮಕ್ಕಳಿಗೆ ಅಲ್ಲಿ ಊಟ, ವಸತಿ ಕೊಡಬೇಕು. ಕೇರಳದ ಹುಡುಗಿಯರು ಈ ಆಟದಲ್ಲಿ ಪಳಗಿದವರು, ವಯನಾಡು ನಮ್ಮ ನೆರೆ. ಸುಲ್ತಾನ್ ಬತ್ತೇರಿ ಕಡೆಯ ಕಾಲೇಜುಗಳೊಂದಿಗೆ ವರ್ಷಕ್ಕೊಮ್ಮೆಯಾದರೂ ಸೌಹಾರ್ದ ಪಂದ್ಯ ಇಡಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರವಿಲ್ಲ. ಕಾಡು ಅದರದೇ ನಿಯಮದಲ್ಲಿರಲಿ, ಪಂದ್ಯವನ್ನು ಬೆಳಿಗ್ಗೆಯೇ ಮುಗಿಸಿಕೊಂಡು ಬರೋಣ.

10. ಉತ್ತರ.

ಮೊದಲ ಮೂರು ಬೇಡಿಕೆಗಳಿಗೆ ದೊಡ್ಡ ಹಣ ಬೇಕಿಲ್ಲ. ಒಂದು ಆದೇಶ, ಒಂದು ಬೀರು, ಒಬ್ಬ ಜವಾಬ್ದಾರಿ ಸಿಬ್ಬಂದಿ ಸಾಕು. ಅವನ್ನು ಈ ಶೈಕ್ಷಣಿಕ ಸಾಲಿನಲ್ಲೇ ಈಡೇರಿಸಬೇಕು. ಉಳಿದವುಗಳಿಗೆ ಅಂದಾಜು ವೆಚ್ಚ ಮತ್ತು ಕಾಲಮಿತಿ ನಮೂದಿಸಿ 30 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕು. ನಮ್ಮ ಬಳಿ ಇರುವ ಹಳೆಯ ಪ್ರಮಾಣಪತ್ರ, ಫೋಟೋಗಳ ನಕಲನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇವೆ. ಮೂಲಗಳನ್ನು ರಿಜಿಸ್ಟರ್ ತೆರೆದ ದಿನ ನಾವೇ ತಂದು, ಸ್ವೀಕೃತಿ ಪಡೆದು ಒಪ್ಪಿಸುತ್ತೇವೆ.

ಸ್ಥಳ: ಬದನಗುಪ್ಪೆ
ಇಂತಿ, ಮೇಲೆ ಹೇಳಿದ ವಿದ್ಯಾರ್ಥಿನಿಯರು, ಆಟಗಾರ್ತಿಯರು, ಪೋಷಕರು