ಯಾವ ವರ್ಷದ ನಕ್ಷೆ?

ಕಡಲಲ್ಲಿ ಗಾಳಿಯಂತ್ರ ನೆಡಹೊರಟ ಬ್ರಿಟನ್ನಿನ ಕಂಪನಿಗಳು ಮೊದಲು ಒಂದು ಹುಳುವನ್ನು ಹುಡುಕಬೇಕಾಗುತ್ತದೆ. ಹೆಸರು ಸಬೆಲ್ಲೇರಿಯಾ ಸ್ಪಿನ್ಯುಲೋಸಾ, ಉದ್ದ ಕೆಲವೇ ಸೆಂಟಿಮೀಟರ್. ನೀರಿನ ಸೆಳೆತದಲ್ಲಿ ತೇಲಿಬರುವ ಮರಳಿನ ಕಣಗಳನ್ನು ಹೆಕ್ಕಿ, ಮೈಯಿಂದ ಒಸರುವ ಅಂಟಿನಲ್ಲಿ ಬೆಸೆದು, ತನ್ನ ಸುತ್ತ ಕೊಳವೆ ಕಟ್ಟಿಕೊಳ್ಳುತ್ತದೆ. ಒಂಟಿ ಹುಳುವನ್ನು ಯಾರೂ ಕೇಳುವುದಿಲ್ಲ. ಸಾವಿರಾರು ಕೊಳವೆಗಳು ಒತ್ತೊತ್ತಾಗಿ ಎದ್ದರೆ ಮಾತ್ರ ಅದು ರೀಫ್. ಸಂದುಗೊಂದುಗಳಲ್ಲಿ ಏಡಿ, ಸಿಗಡಿ ಬಂದು ನೆಲೆಸುತ್ತವೆ. ಐರೋಪ್ಯ ಒಕ್ಕೂಟದ 1992ರ ಆವಾಸ ಕಾನೂನನ್ನು ಆಧರಿಸಿದ ಬ್ರಿಟನ್ನಿನ ನಿಯಮಗಳ ರಕ್ಷಣೆಯೂ ಸಿಗುತ್ತದೆ.

ಎಷ್ಟು ಎತ್ತರವಿದ್ದರೆ ರೀಫ್? 2007ರಲ್ಲಿ ಬ್ರಿಟನ್ನಿನ ತಜ್ಞರು ಸೇರಿ ಅಳತೆ ಗೊತ್ತುಮಾಡಿದರು: ಎತ್ತರ 2 ಸೆಂಟಿಮೀಟರ್, ಹರವು 25 ಚದರ ಮೀಟರ್ ಕೂಡ ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಕಾನೂನಿಗೆ ಗೆರೆ ಬೇಕು, ಸರಿ. ಆದರೆ ಗೆರೆ ಎಳೆಯುವವರ ಪಾಡು ನೋಡಿ. ದೋಣಿಯ ಹಿಂದೆ ಎಳೆದೊಯ್ಯುವ ಸೋನಾರ್ ತಳದ ಒರಟುತನವನ್ನು ಹೇಳುತ್ತದೆ, ಅದು ಹುಳುವಿನದೋ ಜಲ್ಲಿಯದೋ ಎಂದು ಖಚಿತವಾಗಿ ಹೇಳದು. ಕ್ಯಾಮೆರಾ ಇಳಿಸಿದರೆ ಕದಡಿದ ನೀರು. ಕೊನೆಗೆ ಕಬ್ಬಿಣದ ಬಾಯಿ ಇಳಿಸಿ ಒಂದು ತುತ್ತು ಕಿತ್ತು ತಂದರೆ, ಡೆಕ್ಕಿನ ಮೇಲೆ ಮುರಿದ ಕೊಳವೆಗಳ ರಾಶಿ. ಅಲ್ಲಿ ರೀಫ್ ಇತ್ತು ಎನ್ನಲು ಅದನ್ನು ಒಡೆದೇ ತರಬೇಕು!

ಸಾಲದ್ದಕ್ಕೆ ಈ ದಿಬ್ಬಗಳು ಕೆಲವೇ ವರ್ಷಗಳಲ್ಲಿ ಎದ್ದು, ಹರಡಿ, ಕುಸಿಯಬಲ್ಲವು. ಕೆಂಟ್ ತೀರದಾಚೆಯ ಥಾನೆಟ್ ಪವನ ಸ್ಥಾವರದಲ್ಲಿ ಸಮೀಕ್ಷೆಯನ್ನು ಮತ್ತೆ ಮತ್ತೆ ಮಾಡಿದ್ದು ಅದಕ್ಕೇ. 2010ರಲ್ಲಿ ಅಲ್ಲಿನ 100 ಯಂತ್ರಗಳು ಉದ್ಘಾಟನೆಯಾದ ಮೇಲೂ ನೋಡಿದರು. ದಿಬ್ಬಗಳಿಗೆ ಹಾನಿಯಾದ ಕುರುಹು ಸಿಗಲಿಲ್ಲ. ಕಂಬಗಳ ನಡುವೆ ಟ್ರಾಲ್ ಬಲೆ ಎಳೆಯುವುದು ಕಷ್ಟವಾದದ್ದೇ ಹುಳುವಿಗೆ ಅನುಕೂಲವಾಗಿರಬಹುದು.

ನನ್ನ ತಕರಾರು ಬೇರೆ. ಇಂದಿನ ನಕ್ಷೆ ತೋರಿಸುವುದು ಶತಮಾನಗಟ್ಟಲೆ ಬಲೆ ಗೋರಿದ ಮೇಲೆ ಉಳಿದ ತಳವನ್ನು. ಓ. ಟಿ. ಓಲ್ಸನ್ 1883ರಲ್ಲಿ ಮೀನುಗಾರರಿಂದ ಕೇಳಿ ತಿಳಿದದ್ದನ್ನು ಸೇರಿಸಿ ಪ್ರಕಟಿಸಿದ ಅಟ್ಲಾಸಿನಲ್ಲಿ ಉತ್ತರ ಸಮುದ್ರದ ನಡುವೆ ಚಪ್ಪಟೆ ಸಿಂಪಿಯ ವಿಶಾಲ ಹಾಸು ಇದೆ. ಈಗಿನ ಸೋನಾರಿಗೆ ಅಲ್ಲಿ ಬರೀ ಮರಳು, ಕೆಸರು. ಖಾಲಿ ಜಾಗ ಎಂದು ಪರವಾನಗಿ ಕೊಟ್ಟುಬಿಡುವುದು ಸುಲಭ. ಡಚ್ಚರು ಹಳೆಯ ನಕ್ಷೆಯನ್ನೂ ಬಿಡಿಸಿ ನೋಡಿದರು. ಟ್ರಾಲರ್‌ಗಳಿಗೆ ಪ್ರವೇಶವಿಲ್ಲದ ತಮ್ಮ ಪವನ ಸ್ಥಾವರಗಳಲ್ಲಿ ಸಿಂಪಿಯನ್ನು ಮತ್ತೆ ನೆಲೆಗೊಳಿಸುವ ಪ್ರಯೋಗಕ್ಕೆ ಇಳಿದಿದ್ದಾರೆ.

ನಮ್ಮಲ್ಲೂ 2024ರಲ್ಲಿ ಕೇಂದ್ರ ಸಂಪುಟ ಗುಜರಾತ್, ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್ ಪವನ ವಿದ್ಯುತ್ತಿಗೆ 7,453 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ತಮಿಳುನಾಡಿನ ತೀರದ ಮನ್ನಾರ್ ಕೊಲ್ಲಿಯ ಮೀನುಗಾರರು ಮುತ್ತಿನ ಸಿಂಪಿಯ ಬಂಡೆಸಾಲುಗಳನ್ನು ‘ಪಾರ್’ ಎಂದು ಕರೆದು, ಒಂದೊಂದಕ್ಕೂ ಹೆಸರಿಟ್ಟುಕೊಂಡವರು. ಸಮೀಕ್ಷೆಯ ಹಡಗು ಹೊರಡುವ ಮೊದಲು ಆ ಹೆಸರುಗಳನ್ನು ಬರೆದುಕೊಳ್ಳಲು ಒಬ್ಬ ಗುಮಾಸ್ತ ಸಾಕು.