ಹೆಮ್ಮೆ ಸಾಕು, ಗುಣಿಸಿ ನೋಡೋಣ

12345654321. ಇದನ್ನು ಒಮ್ಮೆ ಕನ್ನಡದಲ್ಲಿ ಜೋರಾಗಿ ಓದಿ ನೋಡಿ. ನಾವು ಮೂರು ಸಲ ಎಡವಿದ್ವಿ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಅವೇ ಅಂಕಿಗಳು.

ಈ ಸಂಖ್ಯೆ ನಮಗೆ ಸಿಕ್ಕಿದ್ದು ರಾಜ್ಯೋತ್ಸವದ ಹೊತ್ತಿಗೆ ಗ್ರೂಪಿಗೆ ಬಂದ ಒಂದು ಫಾರ್ವರ್ಡ್‌ನಲ್ಲಿ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. 27994681ನ್ನು 441ರಿಂದ ಗುಣಿಸುವ ಲೆಕ್ಕ ಅದರಲ್ಲಿದೆ. ಉತ್ತರ ಇದೇ ಸಂಖ್ಯೆ: ಒಂದರಿಂದ ಆರರ ತನಕ ಏರಿ, ಮತ್ತೆ ಒಂದಕ್ಕೆ ಇಳಿಯುತ್ತೆ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. ನಾವೆಲ್ಲ ಒಂದೊಂದು ಹಾರ್ಟ್ ಒತ್ತಿ ಸುಮ್ಮನಾದ್ವಿ. ಗುಣಿಸಿ ನೋಡಲಿಲ್ಲ.

ನೋಡಿದವನು ಒಬ್ಬನೇ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದ ನಮ್ಮ ಗೆಳೆಯ. ಕ್ಲಾಸಲ್ಲಿ ಬಾಯೇ ಬಿಡಲ್ಲ. ಮತ್ತಿಕೆರೆಯ ಬೇಕರಿ ಮುಂದೆ ಟೀ ಕುಡೀತಾ, ಬಿಲ್ಲಿನ ಹಿಂದೆ ಬರೆದು ತೋರಿಸಿದ. 441 ಅಂದ್ರೆ 21ರ ವರ್ಗ. 27994681 ಅಂದ್ರೆ 5291ರ ವರ್ಗ. 5291 ಗುಣಿಸು 21 ಅಂದ್ರೆ 111111. ಹಾಗಾದ್ರೆ ಈ ಹಾರ 111111ರ ವರ್ಗ! ಆರು ಸಾಲು 111111 ಬರೆದು, ಒಂದೊಂದು ಸಾಲನ್ನೂ ಒಂದೊಂದು ಮನೆ ಎಡಕ್ಕೆ ಸರಿಸಿ ಕೂಡಿ. ಅಂಚಿನ ಮನೆಯಲ್ಲಿ ಒಂದು, ನಡು ಮನೆಯಲ್ಲಿ ಆರು ಬರುತ್ತೆ.

“ಎಷ್ಟು ಒಂದುಗಳ ತನಕ ಹಿಂಗೇ ನಡೆಯುತ್ತೆ?” ಅಂತ ಕೇಳಿದ್ವಿ.

“ಒಂಬತ್ತರ ತನಕ ಕಣ್ರೋ. ಹತ್ತಾದ್ರೆ ನಡು ಮನೇಲಿ ಹತ್ತು ಬರುತ್ತೆ, ದಶಕ ಪಕ್ಕಕ್ಕೆ ಹೋಗುತ್ತೆ. ಹಾರ ಕಿತ್ತುಹೋಯ್ತು.”

ಹೌದು, ಹತ್ತು ಒಂದುಗಳ ವರ್ಗ 1234567900987654321. ಏರುವ ಕಡೆ ಎಂಟು ಕಾಣೆ! ಒಂದನೇ ಕ್ಲಾಸಿಂದ ನಾವು ‘ಕ್ಯಾರಿ’ ಅಂತಿದ್ವಿ. ಪಕ್ಕಕ್ಕೆ ಹೋಗೋದು ಹತ್ತರ ಕಟ್ಟು ಅನ್ನೋದು ‘ದಶಕ’ ಅನ್ನೋ ಮಾತಲ್ಲೇ ಇದೆ.

ಆಮೇಲೆ ನಾಚಿಕೆ ಆಯ್ತು. ಇದೇ ಹುಡುಗ ಮೊದಲ ಸೆಮಿಸ್ಟರ್‌ನಲ್ಲಿ ಕನ್ನಡದಲ್ಲಿ ಡೌಟ್ ಕೇಳಿದಾಗ ಹಿಂದಿನ ಬೆಂಚಿಂದ ನಕ್ಕವರು ನಾವೇ. ನವೆಂಬರ್‌ನಲ್ಲಿ ಕನ್ನಡದ ಗಣಿತ ಅಂತ ಸ್ಟೇಟಸ್ ಹಾಕಿದವರೂ ನಾವೇ. ಅದೂ ಪೂರ್ತಿ ಸರಿಯಲ್ಲ. ಮಹಾವೀರಾಚಾರ್ಯರು ಬರೆದದ್ದು ಸಂಸ್ಕೃತದಲ್ಲಿ. ಆದರೆ 12ನೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಕನ್ನಡಕ್ಕೆ ಲೆಕ್ಕ ಹೊಸದಲ್ಲ. ಲೆಕ್ಕವನ್ನು ಕನ್ನಡದಲ್ಲಿ ಮಾತಾಡೋದು ನಮಗೆ ಹೊಸದು.

ಪರೀಕ್ಷೆ ಇಂಗ್ಲಿಷಲ್ಲೇ ಬರೆಯೋಣ, ಅದಕ್ಕೆ ತಕರಾರಿಲ್ಲ. ಆದರೆ ಅರ್ಥವಾಗದ್ದನ್ನು ಯಾರು ಯಾವ ಭಾಷೆಯಲ್ಲಿ ಕೇಳಿದರೂ ನಗೋದು ಬೇಡ. ಹಾರ್ಟ್ ಒತ್ತೋ ಮುಂಚೆ ಒಂದು ಸಲ ಗುಣಿಸಿ ನೋಡೋಣ.

ಇವತ್ತಿಗೆ ಒಂದು ಲೆಕ್ಕ. 111111 ಅಂದ್ರೆ 3, 7, 11, 13, 37 ಇವುಗಳ ಗುಣಲಬ್ಧ. ಹಾಗಾಗಿ ಅದರ ವರ್ಗವಾದ ನಮ್ಮ ಹಾರಕ್ಕೆ ಒಟ್ಟು 243 ಭಾಜಕಗಳು. ಯಾಕೆ ಅಂತ ಪಕ್ಕದ ಬೆಂಚಿನವರಿಗೆ ಕನ್ನಡದಲ್ಲಿ ಹೇಳಿ ನೋಡಿ. ತಡವರಿಸಿದರೆ ಪರವಾಗಿಲ್ಲ, ನಾವೂ ತಡವರಿಸಿದ್ವಿ.