ಮಕ್ಕಳ ಕೃಷಿ ಸಂಘಕ್ಕೆ ಮೊದಲು ಮೇಷ್ಟ್ರು ತಯಾರಾಗಲಿ



ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಸ್ಟಾಫ್ ಮೀಟಿಂಗಿನಲ್ಲಿ ಜವಾಬ್ದಾರಿಗಳ ಹಂಚಿಕೆ ನಡೆಯುತ್ತದೆ. ಬಿಸಿಯೂಟ ಒಬ್ಬರಿಗೆ, ವಿದ್ಯಾರ್ಥಿವೇತನ ಇನ್ನೊಬ್ಬರಿಗೆ, ಮಕ್ಕಳ ದಾಖಲೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವ ಕೆಲಸ ಕಂಪ್ಯೂಟರ್ ಬಲ್ಲವರಿಗೆ. ಇಕೋ ಕ್ಲಬ್, ಶಾಲಾ ಕೈತೋಟ, ವೃತ್ತಿ ಮಾರ್ಗದರ್ಶನ ಕೊನೆಗೆ ಉಳಿಯುತ್ತವೆ. ವಿಜ್ಞಾನದ ಮೇಡಂ ಹೆಸರೋ, ಹೊಸದಾಗಿ ಬಂದ ಮೇಷ್ಟ್ರ ಹೆಸರೋ ಅವುಗಳ ಮುಂದೆ ಬರೆಯಲ್ಪಡುತ್ತದೆ. ಅವರಿಗೆ ಸಿಗುವುದು ಒಂದು ಸುತ್ತೋಲೆ, ಒಂದು ರಿಜಿಸ್ಟರು. ಮಕ್ಕಳ ಸಂಘವೊಂದನ್ನು ಹೇಗೆ ಕಟ್ಟಬೇಕು, ಅದರಲ್ಲಿ ತನ್ನ ಪಾತ್ರವೇನು, ಎಲ್ಲಿ ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಬಿ.ಇಡಿ. ಓದುವಾಗ ಪಾಠಯೋಜನೆ ಬರೆದು ಬರೆದು ಕೈ ಪಳಗಿರುತ್ತದೆ. ಮಕ್ಕಳ ಸಭೆಯೊಂದರ ಹಿಂದೆ ನಿಂತು ಸಲಹೆ ಕೊಡುವುದಕ್ಕೆ ಅಲ್ಲಿ ಪಾಠವಿರಲಿಲ್ಲ.

ಈ ಕೊರತೆಯನ್ನು ತುಂಬಲು ನಾವೆಲ್ಲ ಕೈಜೋಡಿಸಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಈ ಬರಹ. ನಮ್ಮ ಪ್ರೌಢಶಾಲೆಗಳಲ್ಲಿ ಕೃಷಿ ಮತ್ತು ವೃತ್ತಿಗೆ ಸಂಬಂಧಿಸಿದ ಮಕ್ಕಳ ಸಂಘಗಳು ಬೇಕು, ನಿಜ. ಆದರೆ ಅದಕ್ಕೂ ಮೊದಲು ಅವುಗಳಿಗೆ ಸಲಹೆಗಾರರಾಗಿ ನಿಲ್ಲುವ ಶಿಕ್ಷಕರಿಗೆ ಸರಿಯಾದ ತರಬೇತಿ ಬೇಕು.

ಬೇರೆ ಸಂಘಗಳ ವಿಷಯದಲ್ಲಿ ನಾವು ಇದನ್ನು ಅರಿತಿದ್ದೇವೆ. ಶಾಲೆಯಲ್ಲಿ ಎನ್‌ಸಿಸಿ ನಡೆಸುವ ಅಧ್ಯಾಪಕರು ನಾಗಪುರದ ಬಳಿಯ ಕಾಂಪ್ಟಿಗೆ ಹೋಗಿ ತರಬೇತಿ ಪಡೆದು ಬರುತ್ತಾರೆ, ಮಹಿಳೆಯರಾದರೆ ಗ್ವಾಲಿಯರ್‌ಗೆ ಹೋಗುತ್ತಾರೆ. ಸ್ಕೌಟ್ ಮಾಸ್ಟರ್ ಆಗಬೇಕಾದವರು ಬೇಸಿಕ್, ಅಡ್ವಾನ್ಸ್‌ಡ್ ಕೋರ್ಸುಗಳನ್ನು ದಾಟಿ ಹಿಮಾಲಯ ವುಡ್ ಬ್ಯಾಡ್ಜ್‌ವರೆಗೂ ಹೋಗಬಹುದು, ಅವರಿಗಾಗಿ ಪಚ್‌ಮಢಿಯಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರವೇ ಇದೆ. 1969ರಲ್ಲಿ ಶುರುವಾದ ಎನ್ನೆಸ್ಸೆಸ್‌ನಲ್ಲೂ ಕಾರ್ಯಕ್ರಮಾಧಿಕಾರಿಗಳಿಗೆ ಓರಿಯಂಟೇಶನ್ ಎಂಬುದಿದೆ. ಕವಾಯತು ಕಲಿಸುವವರಿಗೆ, ಗಂಟು ಹಾಕುವುದನ್ನು ಕಲಿಸುವವರಿಗೆ ತರಬೇತಿ ಬೇಕೆಂದು ಒಪ್ಪಿದ ನಾವು, ಮಕ್ಕಳ ಮುಂದಿನ ಬದುಕಿನ ಬಗ್ಗೆ ಮಾತಾಡುವವರಿಗೆ ಅದು ಬೇಡವೆಂದು ಹೇಗೆ ಬಿಟ್ಟೆವು?

ಇಂಥ ಶಿಕ್ಷಕರನ್ನು ತಯಾರಿಸುವ ಕೆಲಸವನ್ನು ನೂರು ವರ್ಷದಿಂದ ಪಟ್ಟುಹಿಡಿದು ಮಾಡಿಕೊಂಡು ಬಂದ ದೇಶ ಅಮೆರಿಕ. ಅಲ್ಲಿ 1917ರಲ್ಲಿ ಸ್ಮಿತ್-ಹ್ಯೂಸ್ ಕಾಯಿದೆ ಬಂತು. ಹೈಸ್ಕೂಲುಗಳಲ್ಲಿ ಕೃಷಿ ಕಲಿಸಲು ಕೇಂದ್ರ ಸರ್ಕಾರದ ಹಣ ಕೊಡುವ ಕಾಯಿದೆ ಅದು. ಕೃಷಿ ಓದುವ ವಿದ್ಯಾರ್ಥಿಗೆ ವರ್ಷದಲ್ಲಿ ಕನಿಷ್ಠ 6 ತಿಂಗಳು ಹೊಲದಲ್ಲಿ, ಶಿಕ್ಷಕರ ಮೇಲ್ವಿಚಾರಣೆಯಲ್ಲಿ ಅಭ್ಯಾಸ ಇರಬೇಕೆಂದು ಅದು ವಿಧಿಸಿತು. ಅದರಲ್ಲಿದ್ದ ಇನ್ನೊಂದು ಷರತ್ತು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ: 1920ರ ಜೂನ್ ಕಳೆದ ಮೇಲೆ, ಶಿಕ್ಷಕರ ತಯಾರಿಗೆಂದು ಇಟ್ಟ ಹಣದಲ್ಲಿ ಕನಿಷ್ಠ ಭಾಗವನ್ನಾದರೂ ಬಳಸದ ರಾಜ್ಯಕ್ಕೆ ಕೃಷಿ ಶಿಕ್ಷಕರ ಸಂಬಳದ ಹಣವೂ ಇಲ್ಲ. ತಯಾರಿಯಿಲ್ಲದ ಶಿಕ್ಷಕರನ್ನು ತರಗತಿಗೆ ಕಳಿಸುವ ದಾರಿಯನ್ನು ಕಾಯಿದೆಯೇ ಮುಚ್ಚಿತ್ತು.

ಆ ತಳಹದಿಯ ಮೇಲೆ 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ ಹುಟ್ಟಿತು. ಈಗ ಎಫ್‌ಎಫ್‌ಎ ಎಂದೇ ಹೆಸರಾದ ಈ ವಿದ್ಯಾರ್ಥಿ ಸಂಘಕ್ಕೆ 10 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ತರಗತಿಯ ಪಾಠ, ಮನೆಯಲ್ಲೋ ಹೊಲದಲ್ಲೋ ಪ್ರತಿ ವಿದ್ಯಾರ್ಥಿ ನಡೆಸುವ ಸ್ವಂತದ ಕಸುಬು, ಸಂಘದ ಚಟುವಟಿಕೆ ಈ ಮೂರೂ ಒಂದೇ ಕಲಿಕೆಯ ಭಾಗಗಳು ಎಂದು ಅಲ್ಲಿ ನೋಡುತ್ತಾರೆ. ಮೂರಕ್ಕೂ ಹೊಣೆ ಹೊರುವವರು ಕೃಷಿ ಶಿಕ್ಷಕರೇ. ಸಂಘದ ಸಲಹೆಗಾರರಾಗುವುದನ್ನು ಅವರು ಶಿಕ್ಷಕರಾಗಲು ಓದುವಾಗಲೇ ಕಲಿಯುತ್ತಾರೆ. ಬೇಸಿಗೆಯಲ್ಲಿ ಮಕ್ಕಳ ಮನೆಗಳಿಗೆ ಹೋಗಿ ಅವರ ಕರು, ಕೋಳಿ, ತರಕಾರಿ ಪಾತಿ ನೋಡಿ ಬರುವುದನ್ನು ಹಲವು ರಾಜ್ಯಗಳಲ್ಲಿ ಸಂಬಳದ ಕೆಲಸವಾಗಿಯೇ ಎಣಿಸುತ್ತಾರೆ. ಸಭೆಯಲ್ಲಿ ಅಧ್ಯಕ್ಷಸ್ಥಾನದಲ್ಲಿ ಕೂರುವವರು ವಿದ್ಯಾರ್ಥಿ, ಲೆಕ್ಕ ಓದುವವರು ವಿದ್ಯಾರ್ಥಿ. ಸಲಹೆಗಾರರಿಗೆ ಒಂದು ಜಾಗವಿದೆ, ಆದರೆ ಸಭೆ ಅವರದಲ್ಲ.

ಆ ಸಂಘದ ಚರಿತ್ರೆಯಲ್ಲಿ ಕಹಿಯೂ ಇದೆ. ಬೇರೆ ಶಾಲೆಗಳಿಗೆ ತಳ್ಳಲ್ಪಟ್ಟಿದ್ದ ಕಪ್ಪು ಜನಾಂಗದ ಹುಡುಗರಿಗೆ 1965ರವರೆಗೂ ಪ್ರತ್ಯೇಕ ಸಂಘವೇ ಇತ್ತು. ಹುಡುಗಿಯರಿಗೆ ರಾಷ್ಟ್ರಮಟ್ಟದಲ್ಲಿ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ. ನಮ್ಮ ಊರುಗಳಲ್ಲಿ ಹೀಗೆ ಹೊರಗುಳಿಯುವವರು ಯಾರೆಂದು ನಮಗೆ ಗೊತ್ತು. ಅದರ ಮಾತು ಮುಂದೆ ಬರುತ್ತದೆ.

ನಮ್ಮಲ್ಲಿ ಇಂಥ ಪ್ರಯತ್ನವೇ ಆಗಲಿಲ್ಲ ಎನ್ನುವಂತಿಲ್ಲ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1953ರಲ್ಲಿ ಮಲ್ಟಿಪರ್ಪಸ್ ಹೈಸ್ಕೂಲುಗಳನ್ನು ಶಿಫಾರಸು ಮಾಡಿತು. ಅಲ್ಲಿ ಕೃಷಿಯೂ ಒಂದು ವಿಭಾಗ. ಆ ಶಾಲೆಗಳಿಗೆ ಬೇಕಾದ ಶಿಕ್ಷಕರನ್ನು ತಯಾರಿಸಲೆಂದೇ ಎನ್‌ಸಿಇಆರ್‌ಟಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆಯಿತು. ಇಂದು ಮೈಸೂರಿನ ಮಾನಸಗಂಗೋತ್ರಿಯ ಪಕ್ಕ ಆರ್‌ಐಇ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಎಂದು ನಾವು ಕರೆಯುವ ಸಂಸ್ಥೆಯ ಮೂಲ ಅಲ್ಲಿನ ಕಾಲೇಜು. ಆ ಬಗೆಯ ಶಾಲೆಗಳು ಹಿಂದೆ ಸರಿದವು, ಕಾಲೇಜುಗಳು ಬೇರೆ ಕೆಲಸಗಳತ್ತ ಹೊರಳಿದವು. ಆಮೇಲೆ ಪಿಯು ಮಟ್ಟದಲ್ಲಿ ಜೆಒಸಿ ಎಂಬ ವೃತ್ತಿ ಕೋರ್ಸುಗಳು ಬಂದವು, ಹೋದವು. ಈಗ 9ನೇ ತರಗತಿಯಿಂದ ರಾಷ್ಟ್ರೀಯ ಕೌಶಲ ಚೌಕಟ್ಟಿನ (ಎನ್‌ಎಸ್‌ಕ್ಯೂಎಫ್) ವೃತ್ತಿ ವಿಷಯಗಳಿವೆ. ಅವನ್ನು ಕಲಿಸುವವರು ಹೆಚ್ಚಾಗಿ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ತರಬೇತುದಾರರು. ಮುಂದಿನ ವರ್ಷ ಇದೇ ಶಾಲೆಯಲ್ಲಿರುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು ಸಂಘ ಕಟ್ಟಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ತರಬೇತಿ ಎಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭತ್ತದ ತಳಿಗಳ ಹೆಸರು, ಗೊಬ್ಬರದ ಪ್ರಮಾಣ, ರೋಗಗಳ ಚಿತ್ರ ತೋರಿಸಿ ಎರಡು ದಿನದಲ್ಲಿ ಕಳಿಸುವುದು ನಮಗೆ ಬೇಡ. ಅವೆಲ್ಲ ಊರಿನ ರೈತರಿಗೆ, ರೈತ ಸಂಪರ್ಕ ಕೇಂದ್ರದವರಿಗೆ ಗೊತ್ತು, ಬೇಕಾದಾಗ ಕೇಳಬಹುದು. ಗಣಿತದ ಮೇಷ್ಟ್ರೂ ಒಳ್ಳೆಯ ಸಲಹೆಗಾರರಾಗಬಲ್ಲರು, ಕನ್ನಡದ ಮೇಡಮ್ಮೂ ಆಗಬಲ್ಲರು. ಅವರು ಕಲಿಯಬೇಕಾದದ್ದು ಬೇರೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 9ನೇ ತರಗತಿಯ ಮಕ್ಕಳ ಸಂಘ ಶಾಲೆಯ ಹಿತ್ತಲಿನಲ್ಲಿ ಒಂದು ಗುಂಟೆಯಷ್ಟು ಜಾಗದಲ್ಲಿ ಹರಿವೆ, ಮೆಂತ್ಯ ಬಿತ್ತುತ್ತದೆ ಎಂದಿಟ್ಟುಕೊಳ್ಳಿ. ಒಂದು ತಿಂಗಳೊಳಗೆ ಕಟಾವಿಗೆ ಬರುವ ಬೆಳೆ. ಬೀಜಕ್ಕೆ ದುಡ್ಡು ಎಲ್ಲಿಂದ? ಮೇಷ್ಟ್ರು ಜೇಬಿಗೆ ಕೈ ಹಾಕಿದರೆ ಅಲ್ಲಿಗೆ ಕಲಿಕೆ ಅರ್ಧ ಮುಗಿಯಿತು. ಮಕ್ಕಳೇ ಸಭೆ ಸೇರಿ, ತಲಾ ಇಷ್ಟು ಎಂದು ಕೂಡಿಸಿ, ಖಜಾಂಚಿಯ ಪುಸ್ತಕದಲ್ಲಿ ಬರೆದು, ಅಂಗಡಿಯ ರಸೀದಿ ಅಂಟಿಸಬೇಕು. ನೀರು ಹಾಕುವ ಸರದಿ ಯಾರದು, ಭಾನುವಾರ ಯಾರು ಬರಬೇಕು, ಬರದಿದ್ದವರಿಗೆ ಲಾಭದಲ್ಲಿ ಪಾಲುಂಟೇ ಎಂಬ ಜಗಳ ಖಂಡಿತ ಬರುತ್ತದೆ. ಜಗಳ ಬಂದಾಗ ತೀರ್ಪು ಕೊಟ್ಟುಬಿಡಬೇಕೆಂದು ಶಿಕ್ಷಕರ ಮನಸ್ಸು ತುಡಿಯುತ್ತದೆ. ಆಗ ತಡೆದುಕೊಂಡು, ‘ಹೋದ ಸಭೆಯಲ್ಲಿ ನೀವೇನು ತೀರ್ಮಾನ ಬರೆದಿದ್ದೀರಿ, ಓದಿ’ ಎಂದಷ್ಟೇ ಹೇಳುವುದು ಒಂದು ವಿದ್ಯೆ. ಅದನ್ನು ಅಭ್ಯಾಸದಿಂದಲೇ ಕಲಿಯಬೇಕು.

ಕಟಾವಿಗೆ ಎರಡು ದಿನ ಇರುವಾಗ ಜೋರು ಮಳೆ ಬಿದ್ದು ಸೊಪ್ಪೆಲ್ಲ ಮಣ್ಣು ಹಿಡಿದು ಕೊಳೆಯಿತು ಎನ್ನಿ. ಮಕ್ಕಳ ಮುಖ ಬಾಡುತ್ತದೆ. ಇಲ್ಲಿ ಸಲಹೆಗಾರರು ಏನು ಮಾಡುತ್ತಾರೆ ಎಂಬುದರ ಮೇಲೆ ಆ ವರ್ಷದ ಕಲಿಕೆ ನಿಂತಿದೆ. ನಷ್ಟ ಎಷ್ಟು, ಅದರಲ್ಲಿ ಕೈಯಿಂದ ಹೋದ ದುಡ್ಡು ಎಷ್ಟು, ದುಡಿಮೆ ಎಷ್ಟು, ಮಡಿ ಎತ್ತರಿಸಿದ್ದರೆ ನೀರು ನಿಲ್ಲುತ್ತಿತ್ತೇ, ಒಂದೇ ದಿನ ಎಲ್ಲ ಬಿತ್ತುವ ಬದಲು ವಾರಕ್ಕೊಂದು ಪಾತಿ ಬಿತ್ತಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕಕ್ಕೆ ಕೂರಿಸಬೇಕು. ತಮ್ಮ ಅಪ್ಪಂದಿರು ವರ್ಷ ವರ್ಷ ಎದುರಿಸುವ ಸಂಗತಿಯನ್ನು ಮಕ್ಕಳು ಆ ದಿನ ಕಾಗದದ ಮೇಲೆ ನೋಡುತ್ತಾರೆ. ರಾಜ್ಯದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 2015-16ರ ಕೃಷಿ ಗಣತಿಯಲ್ಲಿ 1.36 ಹೆಕ್ಟೇರ್, ಅಂದರೆ ಮೂರು ಎಕರೆ ಚಿಲ್ಲರೆ. ಅಷ್ಟರಲ್ಲಿ ಬದುಕು ನಡೆಸಬೇಕಾದವರಿಗೆ ಈ ಲೆಕ್ಕ ಬೇಗ ಬಂದಷ್ಟೂ ಒಳ್ಳೆಯದು.

ಹೊರಗುಳಿಯುವವರ ಮಾತು ಎಂದಿದ್ದೆ. ಸಂಘದಲ್ಲಿ ಗುದ್ದಲಿ ಹಿಡಿಯುವವರು ಯಾವ ಮಕ್ಕಳು, ಪೆನ್ನು ಹಿಡಿಯುವವರು ಯಾವ ಮಕ್ಕಳು? ಕೂಲಿಗೆ ಹೋಗುವವರ ಮನೆಯ ಹುಡುಗನಿಗೆ ಅಗೆಯುವ ಕೆಲಸ, ಜಮೀನುದಾರರ ಮಗನಿಗೆ ಅಧ್ಯಕ್ಷಗಿರಿ, ಹುಡುಗಿಯರಿಗೆ ಕಸ ಗುಡಿಸಿ ರಂಗೋಲಿ ಹಾಕುವುದು ಎಂದಾದರೆ ಅಂಥ ಸಂಘ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಜಮೀನಿಲ್ಲದ ಮನೆಯ ಮಗುವಿಗೂ ಸ್ವಂತದ್ದೆಂದು ಹೇಳಿಕೊಳ್ಳಲು ಒಂದು ಕೆಲಸ ಸಿಗಬೇಕು: ನಾಲ್ಕು ನಾಟಿ ಕೋಳಿ, ಅಣಬೆಯ ಚೀಲ, ಪಾಲಿಥಿನ್ ಕೊಟ್ಟೆಗಳಲ್ಲಿ ನುಗ್ಗೆ ಮತ್ತು ನಿಂಬೆ ಸಸಿ. ಸರದಿಯ ಮೇಲೆ ಎಲ್ಲರೂ ಎಲ್ಲ ಹುದ್ದೆಗೂ ಬರುವಂತೆ ನೋಡಿಕೊಳ್ಳುವುದು, ಔಷಧಿ ಸಿಂಪಡಣೆಯ ಹತ್ತಿರ ಮಕ್ಕಳನ್ನು ಬಿಡದಿರುವುದು, ಕಲಿಕೆ ಯಾವ ಹಂತದಲ್ಲಿ ಬಿಟ್ಟಿ ದುಡಿಮೆಯಾಗುತ್ತದೆಂದು ಗುರುತಿಸುವುದು ತರಬೇತಿಯ ನಡುಭಾಗದಲ್ಲಿರಬೇಕು.

ಇನ್ನೊಂದು ಸೂಕ್ಷ್ಮವಾದ ವಿಷಯ. ‘ಓದದಿದ್ದರೆ ಎಮ್ಮೆ ಕಾಯೋಕೆ ಹೋಗು’ ಎಂದು ಗದರುವುದು ನಮ್ಮ ತರಗತಿಗಳಲ್ಲಿ ಇನ್ನೂ ನಿಂತಿಲ್ಲ. ಎಮ್ಮೆ ಸಾಕಿಯೇ ಆ ಮಗುವಿನ ಫೀಸು ಕಟ್ಟಿದ ತಾಯಿ ಅದೇ ಊರಿನಲ್ಲಿದ್ದಾಳೆ. ಈ ಮಾತು ಬಾಯಿಗೆ ಬರದಂತೆ ಆಗುವುದೇ ತರಬೇತಿಯ ಮೊದಲ ದಿನದ ಕೆಲಸ. ಹಾಗೆಂದು ಎಲ್ಲರೂ ಹೊಲಕ್ಕೇ ಮರಳಿ ಎಂದು ಮಕ್ಕಳನ್ನು ಕಟ್ಟಿಹಾಕುವುದೂ ತಪ್ಪು. ಕಸಿ ಕಟ್ಟುವವರು, ಹನಿ ನೀರಾವರಿ ಜೋಡಿಸುವವರು, ಡೈರಿಯಲ್ಲಿ ಹಾಲಿನ ಫ್ಯಾಟ್ ಅಳೆಯುವವರು, ರೈತ ಉತ್ಪಾದಕ ಕಂಪನಿಯ ಲೆಕ್ಕ ಬರೆಯುವವರು, ಟ್ರ್ಯಾಕ್ಟರ್ ರಿಪೇರಿಯವರು, ಮಣ್ಣು ಪರೀಕ್ಷೆಯವರು ಎಲ್ಲರೂ ಬೇಸಾಯದ ಸುತ್ತಲೇ ಬದುಕು ಕಟ್ಟಿಕೊಂಡವರು. ಎಸ್ಸೆಸ್ಸೆಲ್ಸಿ ಆದವರಿಗೆ 2 ವರ್ಷದ ಕೃಷಿ ಡಿಪ್ಲೊಮಾ ಇದೆ, ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆ ನಡೆಸಿ ಕೊಡುವ ಕೋಟಾ ಇದೆ. ಎಷ್ಟೋ ಹಳ್ಳಿ ಮಕ್ಕಳಿಗೆ ಇದು ತಿಳಿಯುವುದು ಅರ್ಜಿಯ ದಿನಾಂಕ ಮುಗಿದ ಮೇಲೆ. ಮೇಷ್ಟ್ರಿಗೆ ತಿಳಿದಿದ್ದರೆ 9ನೇ ತರಗತಿಯಲ್ಲೇ ತಿಳಿಯುತ್ತದೆ.

ಈ ತರಬೇತಿಗೆ ಹೊಸ ಕಟ್ಟಡ ಬೇಡ. 1974ರಲ್ಲಿ ಪುದುಚೇರಿಯಲ್ಲಿ ಶುರುವಾದ ಕೃಷಿ ವಿಜ್ಞಾನ ಕೇಂದ್ರಗಳು ಇಂದು ನಮ್ಮ ಬಹುತೇಕ ಎಲ್ಲ ಜಿಲ್ಲೆಗಳಲ್ಲಿವೆ. ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿಗೆ ಡಯಟ್ ಸಂಸ್ಥೆಗಳಿವೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ, ಬಾಗಲಕೋಟೆ, ಬೀದರ್‌ಗಳಲ್ಲಿ ಕೃಷಿ, ತೋಟಗಾರಿಕೆ, ಪಶು ವಿಶ್ವವಿದ್ಯಾಲಯಗಳಿವೆ. ಅವುಗಳ ಕೃಷಿ ವಿದ್ಯಾರ್ಥಿಗಳು ಅಂತಿಮ ವರ್ಷ ಹಳ್ಳಿಗಳಲ್ಲಿ ತಂಗಿ ಕಾರ್ಯಾನುಭವ ಪಡೆಯುತ್ತಾರೆ. ಸ್ವಂತ ಉದ್ಯೋಗದ ಮಾರ್ಗದರ್ಶನಕ್ಕೆ 1982ರಿಂದ ಉಜಿರೆಯ ರುಡ್‌ಸೆಟ್ ತರಬೇತಿ ಸಂಸ್ಥೆಯ ಮಾದರಿ ಕಣ್ಣೆದುರಿದೆ. ಕೃಷಿಯವರು ಶಿಕ್ಷಣದವರನ್ನೂ, ಶಿಕ್ಷಣದವರು ಕೃಷಿಯವರನ್ನೂ ಕರೆದು ಕೂರಿಸಿಕೊಳ್ಳುವುದು ಮಾತ್ರ ಬಾಕಿ ಇದೆ.

ಹಾಗಾಗಿ ಶಿಕ್ಷಣ ಇಲಾಖೆಯನ್ನು ನಾವು ಕೇಳಬೇಕಾದದ್ದು ಇಷ್ಟು. ಪ್ರತಿ ಪ್ರೌಢಶಾಲೆಯಿಂದ ಇಬ್ಬರು ಶಿಕ್ಷಕರಿಗೆ, ಒಬ್ಬರು ವರ್ಗವಾಗಿ ಹೋದರೂ ಸಂಘ ನಿಲ್ಲದಿರಲೆಂದು, ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಂದು ವಾರದ ವಸತಿ ತರಬೇತಿ. ಅಲ್ಲಿ ಶಿಕ್ಷಕರೇ ಸದಸ್ಯರಾಗಿ ಸಂಘ ನಡೆಸಿ, ನಡಾವಳಿ ಬರೆದು, ಸಂತೆಗೆ ಹೋಗಿ ಮಾರಿ, ಲೆಕ್ಕ ಒಪ್ಪಿಸಿ ನೋಡಬೇಕು. ರಜೆಯಲ್ಲಿ ತರಬೇತಿ ಇಟ್ಟರೆ ಗಳಿಕೆ ರಜೆ ಕೊಡಬೇಕು. ವಾರಕ್ಕೆ ಎರಡು ಪೀರಿಯಡ್ಡು ಸಂಘದ್ದೆಂದು ವೇಳಾಪಟ್ಟಿಯಲ್ಲಿ ಬರೆದು, ಅದನ್ನು ಕೆಲಸದ ಹೊರೆಯಲ್ಲಿ ಎಣಿಸಬೇಕು. ಆರು ತಿಂಗಳಾದ ಮೇಲೆ ಅದೇ ಶಿಕ್ಷಕರು ಮತ್ತೆ ಒಂದೆಡೆ ಸೇರಿ, ಎಲ್ಲಿ ಸೋತೆವು ಎಂದು ಬಿಚ್ಚಿ ಮಾತಾಡಲು ಅವಕಾಶವಿರಬೇಕು. ಬಿ.ಇಡಿ. ಕಾಲೇಜುಗಳು ಇಂಟರ್ನ್‌ಶಿಪ್ ಅವಧಿಯಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಗೂ ಮಕ್ಕಳ ಸಂಘವೊಂದರ ಜೊತೆ ನಿಲ್ಲುವ ಹೊಣೆ ಕೊಡಬೇಕು. ಅದಕ್ಕೆ ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಿಲ್ಲ.

ಇಲಾಖೆ ಮಾಡುವವರೆಗೆ ನಾವು ಕೈಕಟ್ಟಿ ಕೂರುವುದೂ ಬೇಡ. ನಿವೃತ್ತ ಕೃಷಿ ಅಧಿಕಾರಿಗಳೇ, ಪಶುವೈದ್ಯರೇ, ನಿಮ್ಮ ಹೋಬಳಿಯ ಶಾಲೆಯ ಮೇಷ್ಟ್ರ ಜೊತೆ ತಿಂಗಳಿಗೊಂದು ಮಧ್ಯಾಹ್ನ ಕುಳಿತುಕೊಳ್ಳಿ. ಹಾಲಿನ ಡೈರಿಯ ಕಾರ್ಯದರ್ಶಿಗಳೇ, ಸಭೆಯ ನಡಾವಳಿ ಬರೆಯುವುದನ್ನೂ ಲೆಕ್ಕ ಇಡುವುದನ್ನೂ ನಿಮ್ಮಷ್ಟು ಬಲ್ಲವರು ಊರಿನಲ್ಲಿ ಕಡಿಮೆ, ಅದನ್ನು ಶಿಕ್ಷಕರಿಗೆ ತೋರಿಸಿಕೊಡಿ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಹಳೆಯ ವಿದ್ಯಾರ್ಥಿಗಳೇ, ಶಾಲೆಗೆ ಕಮಾನು ಕಟ್ಟಿಸುವ ಮೊದಲು ಇಬ್ಬರು ಶಿಕ್ಷಕರ ಒಂದು ವಾರದ ತರಬೇತಿಯ ಖರ್ಚು ಕೇಳಿ ನೋಡಿ. ಪಾಲಕರೇ, ಮಗ ಕೋಳಿಯ ಲೆಕ್ಕದ ಪುಸ್ತಕ ತಂದು ಸಹಿ ಕೇಳಿದರೆ ಪಾಠ ಬಿಟ್ಟು ಇದೇನೆಂದು ಬೈಯಬೇಡಿ, ಒಂದೊಂದು ಸಾಲೂ ಓದಿ ಸಹಿ ಮಾಡಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಲ್ಲಿ ಕೊನೆಯದಾಗಿ ಒಂದು ಕೋರಿಕೆ. ಮುಂದಿನ ಸಭೆಯಲ್ಲಿ ಈ ಪ್ರಶ್ನೆಯನ್ನು ಅಜೆಂಡಾದಲ್ಲಿ ಹಾಕಿಸಿ: ನಮ್ಮ ಶಾಲೆಯ ಇಕೋ ಕ್ಲಬ್ ಮತ್ತು ವೃತ್ತಿ ಮಾರ್ಗದರ್ಶನದ ಹೊಣೆ ಹೊತ್ತ ಶಿಕ್ಷಕರು ಯಾರು, ಅವರಿಗೆ ಇದುವರೆಗೆ ಯಾವ ತರಬೇತಿ ಸಿಕ್ಕಿದೆ? ಆ ಶಿಕ್ಷಕರನ್ನೇ ಸಭೆಗೆ ಕರೆದು ಏನು ಬೇಕೆಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿಯನ್ನು ಬಿಇಒ ಕಚೇರಿಗೂ ಇನ್ನೊಂದನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಮುಖ್ಯಸ್ಥರಿಗೂ ಕಳಿಸಿ.